ಎಡೆ ಕೋಣೆಯಲ್ಲಿಟ್ಟ ಫೋನು

ಕಡೂರಿನ ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಗೃಹಪ್ರವೇಶ, ಪಾಸ್‌ಪೋರ್ಟ್ ಅಳತೆಯ ಫೋಟೋ, ಎಲ್ಲಕ್ಕೂ ನಾನೊಬ್ಬಳೇ. ಹೆಂಗಸು ಕ್ಯಾಮೆರಾ ಹಿಡಿದು ಮಂಟಪ ಹತ್ತಿದರೆ ಮೊದಮೊದಲು ಗಂಡಿನ ಕಡೆಯವರು ಮೂಗು ಮುರಿಯುತ್ತಿದ್ದರು. ಈಗ "ಅಕ್ಕಾ, ಒಂಚೂರು ಈ ಕಡೆಯಿಂದ ತೆಗೀರಿ" ಎಂದು ಅವರೇ ಮುಖ ತಿರುಗಿಸಿ ನಿಲ್ಲುತ್ತಾರೆ. ನನಗೆ ದೆವ್ವ, ಗಾಳಿ, ಮಾಟ ಯಾವುದರ ಭಯವೂ ಇರಲಿಲ್ಲ. ಇದ್ದದ್ದು ಹಾರ್ಡ್ ಡಿಸ್ಕಿನ ಭಯ. ದೆವ್ವ ಕೂಗಿಯಾದರೂ ಹೆದರಿಸುತ್ತದೆಯಂತೆ. ಹಾರ್ಡ್ ಡಿಸ್ಕು ಸದ್ದೇ ಮಾಡದೆ ಸಾಯುತ್ತದೆ.

ಅಜ್ಜಂಪುರದ ಒಂದು ಮದುವೆಯಲ್ಲಿ ಈ ಭಯ ಹತ್ತಿಕೊಂಡಿತು. ಕ್ಯಾಮೆರಾದ ಕಾರ್ಡಿನಿಂದ ಕಂಪ್ಯೂಟರಿಗೆ ಚಿತ್ರಗಳನ್ನು ಇಳಿಸಿ, ಕಾರ್ಡು ಅಳಿಸಿ, ಆಲ್ಬಂ ಮಾಡಲು ಕೂತು ನೋಡಿದರೆ, ತಾಳಿ ಕಟ್ಟುವ ಚಿತ್ರದಲ್ಲಿ ಮದುಮಗಳ ಹಣೆಯಿಂದ ಕೆಳಗೆ ಬರೀ ಬೂದಿ ಬಣ್ಣ. ಕಡತ ಇದೆ, ಹೆಸರಿದೆ, ಗಾತ್ರವೂ ಸರಿಯಾಗಿದೆ, ಒಳಗೆ ಮಾತ್ರ ಅರ್ಧ ಸತ್ತಿದೆ. ಕೊನೆಗೆ ಹೆಣ್ಣಿನ ತಂದೆ ಅಂಗಡಿಗೆ ಬಂದು ಆ ಚಿತ್ರವನ್ನು ಬಹಳ ಹೊತ್ತು ನೋಡಿ, "ಅಲ್ಲ ಕಣವ್ವಾ, ಇದ್ರಲ್ಲಿ ಮದ್ವೆ ಆಗೈತೋ ಇಲ್ವೋ ಅಂತ್ಲೇ ಗೊತ್ತಾಗಲ್ವಲ್ಲ" ಎಂದರು. ಬೈದಿದ್ದರೆ ನಾನೂ ನಾಲ್ಕು ಮಾತಾಡುತ್ತಿದ್ದೆ. ಅವರು ಬೈಯಲಿಲ್ಲ.

ಆಮೇಲೆ ತರೀಕೆರೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಪರಿಚಯದವರೊಬ್ಬರು ಒಂದು ಸಣ್ಣ ತಂತ್ರಾಂಶ ಹಾಕಿಕೊಟ್ಟರು. ಅದರ ಕೆಲಸ ಹ್ಯಾಷ್ ತೆಗೆಯುವುದು. ಹೆಸರು ಕೇಳಿ ಹೆದರಬೇಕಾಗಿಲ್ಲ, ಸಂಗತಿ ಸರಳ. ಒಂದು ಫೋಟೋ ಕೊಡಿ, ಇಡೀ ಮದುವೆಯ ವೀಡಿಯೊ ಕೊಡಿ, ಖಾಲಿ ಕಡತವನ್ನೇ ಕೊಡಿ, ಅದು ಕೊನೆಯ ಕಣದವರೆಗೂ ಓದಿ, ಅರೆದು, ಕಲಸಿ, ಅಂಕಿ ಮತ್ತು ಅಕ್ಷರಗಳ ಒಂದು ಸಾಲು ಮಾಡಿ ಕೈಗಿಡುತ್ತದೆ. ಕಡತ ಎಷ್ಟೇ ದೊಡ್ಡದಿರಲಿ, ಸಾಲಿನ ಉದ್ದ ಅಷ್ಟೇ. ಅದೇ ಕಡತಕ್ಕೆ ಯಾವಾಗಲೂ ಅದೇ ಸಾಲು. ಮದುಮಗಳ ಬೊಟ್ಟಿನಲ್ಲಿ ಒಂದೇ ಒಂದು ಚುಕ್ಕೆಯ ಬಣ್ಣ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಹಳೆಯದಕ್ಕೂ ಹೊಸದಕ್ಕೂ ನೆಂಟಸ್ತನವೇ ಇಲ್ಲದಷ್ಟು ಬೇರೆ. ನಾನು ಅದನ್ನು ಬೆರಳಚ್ಚು ಎನ್ನುತ್ತೇನೆ. ಕಾರ್ಡಿನಲ್ಲಿದ್ದುದರ ಬೆರಳಚ್ಚು, ಡಿಸ್ಕಿಗೆ ಇಳಿದದ್ದರ ಬೆರಳಚ್ಚು, ಎರಡನ್ನೂ ತಾಳೆ ನೋಡಿ, ಒಂದೇ ಆಗಿದ್ದರೆ ಮಾತ್ರ ಕಾರ್ಡನ್ನು ಅಳಿಸುವುದು.

ಇಂಥ ಲೆಕ್ಕಕ್ಕೆ ಹಳೆಯ ವಿಧಾನಗಳೂ ಇದ್ದವು. ಅವುಗಳಿಗೆ ಒಂದು ಮದುವೆ ಒಪ್ಪಿಸಿದರೆ ನಾನು ಮನೆಗೆ ಹೋಗಿ ಉಂಡು ಬರಬಹುದಿತ್ತು. ಇದು ಹೊಸದು, ಬಹಳ ಚುರುಕು. ಕಡತವನ್ನು ಸಣ್ಣ ಸಣ್ಣ ತುಂಡು ಮಾಡಿ ಕಂಪ್ಯೂಟರಿನ ಎಲ್ಲ ಕೈಗಳಿಗೂ ಒಟ್ಟಿಗೆ ಹಂಚುತ್ತದೆ, ಆಮೇಲೆ ಎರಡೆರಡು ತುಂಡಿನ ಫಲಿತವನ್ನು ಸೇರಿಸುತ್ತಾ ಸೇರಿಸುತ್ತಾ ಒಂದಕ್ಕೆ ತರುತ್ತದೆ. ಒಕ್ಕಣೆಗೆ ಊರಿಗೆ ಊರೇ ಬಂದು ನಿಂತ ಹಾಗೆ. ಎದುರಿನ ಹೋಟೆಲಿಗೆ ಟೀ ಹೇಳಿದರೆ ಟೀ ಬರುವ ಮುಂಚೆ ಕೆಲಸ ಮುಗಿದಿರುತ್ತದೆ. ಇಂಟರ್ನೆಟ್ಟಿನಿಂದ ಇಳಿಸಿಕೊಂಡದ್ದು ಅಸಲಿಯೋ ಯಾರಾದರೂ ಕೈಯಾಡಿಸಿದ್ದೋ ಎಂದು ನೋಡಲು, ಬ್ಯಾಕಪ್ಪಿನಲ್ಲಿ ನಿನ್ನೆಯಿಂದ ಬದಲಾದದ್ದನ್ನಷ್ಟೇ ಆರಿಸಲು, ಒಂದೇ ಚಿತ್ರ ನಾಲ್ಕು ಕಡೆ ಕೂತು ಜಾಗ ತಿನ್ನುತ್ತಿದ್ದರೆ ಮೂರನ್ನು ಎಬ್ಬಿಸಿ ಕಳಿಸಲು, ಎಲ್ಲಕ್ಕೂ ಅದೇ. ಕೆಲವೇ ದಿನದಲ್ಲಿ ನನಗೆ ಅದು ಚಟವಾಯಿತು. ಕಂಪ್ಯೂಟರಿಗೆ ಏನು ಬಂದರೂ ಮೊದಲು ಬೆರಳಚ್ಚು ಒತ್ತಿಸುವುದು, ಆಮೇಲೆ ಮಾತು.

ಒಂದು ವಿಷಯ ಮಾತ್ರ ನನ್ನನ್ನು ಮೊದಲಿಂದಲೂ ಸ್ವಲ್ಪ ಕಾಡುತ್ತಿತ್ತು. ಎರಡು ಕಡತ ಬೇರೆ ಬೇರೆ ಎಂದು ಅದು ಹೇಳುತ್ತದೆ, ಆದರೆ ಏನು ಬೇರೆ ಎಂದು ಬಾಯಿ ಬಿಡುವುದಿಲ್ಲ. ಬೆರಳಚ್ಚಿನಿಂದ ಹಿಂದಕ್ಕೆ ಕಡತಕ್ಕೆ ಹೋಗುವ ದಾರಿಯೂ ಇಲ್ಲ. ಹಿಟ್ಟಾದ ಮೇಲೆ ರಾಗಿ ಸಿಗುವುದಿಲ್ಲ. ಪರದೆಯ ಮೇಲೆ 'ಇದು ಅದಲ್ಲ' ಎಂದು ಬಂದಾಗ, ಮನೆಯೊಳಗೆ ಯಾರೋ ಏನನ್ನೋ ಸರಿಸಿಟ್ಟು ಹೋದ ಹಾಗೆ ಅನ್ನಿಸಿ ಬೆನ್ನು ಸಣ್ಣಗೆ ತಣ್ಣಗಾಗುತ್ತಿತ್ತು.

ನಮ್ಮ ಅವ್ವ ತೀರಿಕೊಂಡದ್ದು ಯಗಟಿಯ ನಮ್ಮ ಮನೆಯಲ್ಲಿ. ಅಪ್ಪ, ತಮ್ಮ, ತಮ್ಮನ ಹೆಂಡತಿ ಅಲ್ಲೇ ಇದ್ದಾರೆ. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ, ಕುರಿ. ಅವ್ವ ಹಾಸಿಗೆ ಹಿಡಿದ ಮೇಲೆ ನಾನು ಕಡೂರಿನಿಂದ ಆಗಾಗ ಬಸ್ಸು ಹತ್ತಿ ಹೋಗುತ್ತಿದ್ದೆ. ಮೈ ಒರೆಸಿದ್ದು, ತಲೆ ಬಾಚಿದ್ದು, ಗಂಜಿ ಕುಡಿಸಿದ್ದು ಹೆಚ್ಚಾಗಿ ನಾನೇ. ಅವ್ವನ ಕೈಯಲ್ಲಿ ಹಸಿರು ಗಾಜಿನ ಬಳೆಗಳಿದ್ದವು. ಒಂದು ಬಳೆ ಮಂಚಕ್ಕೆ ತಾಗಿ ಬಿರುಕು ಬಿಟ್ಟಿತ್ತು. ತೆಗೆಯೋಣವೆಂದರೆ ಬಿಡಲಿಲ್ಲ. ಬಿರುಕು ಬಿಟ್ಟ ಬಳೆ ಕಿಣಿಕಿಣಿ ಎನ್ನುವುದಿಲ್ಲ, ಮಂಕಾಗಿ ಟಕ್ ಟಕ್ ಎನ್ನುತ್ತದೆ. ಅವ್ವ ಕೈ ಎತ್ತಿದಾಗಲೆಲ್ಲ ಆ ಸದ್ದು. ಮಣ್ಣಿಗೆ ಕಳಿಸುವ ದಿನ ಮುತ್ತೈದೆಗೆ ಹೊಸ ಬಳೆ ತೊಡಿಸಬೇಕೆಂದರು. ಆ ಬಿರುಕು ಬಳೆಯನ್ನು ನಾನೇ ಜೋಪಾನವಾಗಿ ಕಳಚಿ ಸೆರಗಿಗೆ ಕಟ್ಟಿಕೊಂಡೆ. ಆಮೇಲೆ ಅದನ್ನು ಸ್ಟುಡಿಯೋದ ಡ್ರಾಯರಿನಲ್ಲಿಟ್ಟೆ, ಯಾರಿಗೂ ತೋರಿಸಲಿಲ್ಲ.

ಅಕ್ಕನನ್ನು ಲಿಂಗದಹಳ್ಳಿಗೆ ಕೊಟ್ಟಿದೆ. ಅವಳು ಮಾಡುವ ಹೋಳಿಗೆಯೆಂದರೆ ಅವ್ವನಿಗೆ ಪ್ರಾಣ. ಅವ್ವ ಹೋಳಿಗೆ ತಿನ್ನುವುದೇ ಒಂದು ಚಂದ. ಹಲ್ಲು ಉದುರಿದ ಮೇಲೆ ಅಂಚು ಗಟ್ಟಿಯೆಂದು ನಡುವಿನಿಂದ ಚಿವುಟಿ ಚಿವುಟಿ ತಿನ್ನುವಳು; ಕೊನೆಗೆ ಎಲೆಯ ಮೇಲೆ ಬಳೆಯಂಥ ಒಂದು ಅಂಚು ಉಳಿಯುತ್ತಿತ್ತು. ಆ ಅಂಚಿಗಾಗಿ ಚಿಕ್ಕವರಿದ್ದಾಗ ನಾನು, ಅಕ್ಕ ಜಡೆ ಹಿಡಿದು ಜಗಳವಾಡಿದ್ದೇವೆ. ಕೊನೆಯ ದಿನಗಳಲ್ಲಿ ಅವ್ವ ಫೋನು ಮಾಡಿಸಿ, "ನಿನ್ ಕೈ ಹೋಳ್ಗೆ ತಿನ್ನಂಗಾಗೈತೆ, ಬಾರೇ" ಎಂದಳು. "ಅಡಿಕೆ ಕೊಯ್ಲು ನಡೀತೈತೆ ಕಣವ್ವಾ, ಮುಗುಸ್ಕೊಂಡು ಬತ್ತೀನಿ" ಎಂದಳು ಅಕ್ಕ. ಕೊಯ್ಲು ಮುಗಿಯುವ ಮುಂಚೆ ಅವ್ವ ಮುಗಿದಳು. ಅಕ್ಕ ಬಂದಾಗ ಅವ್ವನ ಕೈಯಲ್ಲಿ ಹೊಸ ಬಳೆಗಳಿದ್ದವು.

ನಮ್ಮ ಕಡೆ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆ ಎಲೆಗೆ ಬಡಿಸಿ, ಹೊಸ ಸೀರೆ ಇಟ್ಟು, ದೀಪ ಹಚ್ಚಿ, ಬಾಗಿಲು ಹಾಕಿಕೊಂಡು ಎಲ್ಲರೂ ಜಗಲಿಗೆ ಬಂದು ಕೂರುವುದು. ಒಳಗೆ ಅವರು ಬಂದು ಉಣ್ಣುತ್ತಾರೆ, ಇಣುಕಿ ನೋಡಬಾರದು. ಮತ್ತೆ ಬಾಗಿಲು ತೆಗೆಯುವ ಮುಂಚೆ ಒಮ್ಮೆ ಕೆಮ್ಮಬೇಕು, ಇನ್ನೂ ಕೂತಿದ್ದರೆ ಎದ್ದು ಹೋಗಲಿ ಎಂದು. ಈ ಕೆಮ್ಮಿನ ವಿಷಯದಲ್ಲಿ ನಾನು ಸಣ್ಣವಳಿದ್ದಾಗಿನಿಂದಲೂ ನಗುತ್ತಿದ್ದೆ. ಸತ್ತವರಿಗೂ ಮರ್ಯಾದೆಯಾಗಿ ಎದ್ದು ಹೋಗಲು ಹೊತ್ತು ಕೊಡುವ ಜನ ನಾವು.

ಅವ್ವನ ಮೊದಲ ಎಡೆಗೆ ಅಕ್ಕ ತಾನೇ ಬಂದು ಹೋಳಿಗೆ ಮಾಡಿದಳು. ಬಾಗಿಲು ತೆಗೆದಾಗ ಎಲೆ ಇಟ್ಟಂತೆಯೇ ಇತ್ತು. ಎಲ್ಲರ ಮನೆಯಲ್ಲೂ ಎಲೆ ಇಟ್ಟಂತೆಯೇ ಇರುತ್ತದೆ, ಮಾತಿಗೆ ಉಂಡು ಹೋದರು ಎನ್ನುತ್ತಾರೆ ಅಷ್ಟೆ. ಆದರೆ ಸೂರಿನ ಮೇಲಿಟ್ಟ ಪಾಲನ್ನು ಕಾಗೆಯೂ ಮುಟ್ಟಲಿಲ್ಲ. ಅಕ್ಕ ಅದನ್ನು ನೋಡುತ್ತಾ ಅಂಗಳದಲ್ಲಿ ನಿಂತೇ ಇದ್ದಳು. "ಅವ್ವ ನನ್ ಮ್ಯಾಲೆ ಮುನಿಸ್ಕಂಡವ್ಳೆ" ಎಂದಳು. ಅಂದಿನಿಂದ ಅವಳು ಸೊರಗುತ್ತಾ ಹೋದಳು. ಹೋಳಿಗೆ ಮಾಡುವುದು ಬಿಟ್ಟಳು, ಆಮೇಲೆ ಸಿಹಿ ಬಿಟ್ಟಳು, ಆಮೇಲೆ ತಟ್ಟೆಯ ಮುಂದೆ ಕೂತು ಅನ್ನ ಕಲಸಿ ಕಲಸಿ ಏಳುತ್ತಿದ್ದಳಂತೆ. ಡಾಕ್ಟರು ಏನೂ ಇಲ್ಲ ಎಂದರು. ರವಿಕೆಗಳು ಅವಳ ಭುಜದಿಂದ ಜಾರುತ್ತಿದ್ದವು. ಎರಡನೆಯ ವರ್ಷದ ಪಕ್ಷ ಹತ್ತಿರ ಬಂದಾಗ ಫೋನಿನಲ್ಲಿ ಹೇಳಿದಳು: "ಈ ಸಲಾನೂ ಮುಟ್ದಿದ್ರೆ ನಾನಿನ್ನ ಆ ಮನೆ ಹೊಸ್ಲು ತುಳಿಯಲ್ಲ ಕಣೇ. ನಂಗ್ಯಾಕೆ ಅನ್ನ." ಆ ಕೊನೆಯ ಮಾತು ಕೇಳಿ ನನಗೆ ನಿಜವಾಗಿ ಹೆದರಿಕೆಯಾಯಿತು.

ಹೀಗೆ ಎರಡನೆಯ ಎಡೆಯ ದಿನ ಬಂತು. ಹೊತ್ತು ಇಳಿಯುತ್ತಿತ್ತು. ನಡುಮನೆಯ ಪಕ್ಕದ ಕೋಣೆಯಲ್ಲಿ, ಅವ್ವ ಮಲಗುತ್ತಿದ್ದ ಜಾಗದಲ್ಲೇ, ಎಲೆ ಹಾಸಿ ಬಡಿಸಿದ್ದಾಯಿತು. ಅಕ್ಕನ ಹೋಳಿಗೆ ಎಲೆಯ ನಡುವೆ ದುಂಡಗೆ ಕೂತಿತ್ತು. ಎಲ್ಲರೂ ಹೊರಗೆ ಬರುವಾಗ ಅಕ್ಕ ನನ್ನ ಮೊಣಕೈ ಹಿಡಿದಳು.

"ಲೇ, ನಿನ್ ಫೋನು ಒಳಗಡೆ ಇಟ್ಬಿಡೇ."

"ಯಾಕೆ?"

"ರೆಕಾರ್ಡ್ ಮಾಡಕ್ಕೆ ಬರುತ್ತಲ್ಲ. ಬಳೆ ಸದ್ದಾದ್ರೂ ಕೇಳುಸ್ತದೇನೋ ನೋಡಣ."

"ನಿಂಗೆ ತಲೆ ಕೆಟ್ಟೈತೆ. ಅವ್ವ ಏನು ಇಂಟರ್‌ವ್ಯೂ ಕೊಡಕ್ಕೆ ಬತ್ತಾಳಾ?"

ಅವಳು ಮೊಣಕೈ ಬಿಡಲಿಲ್ಲ. ಮದುವೆ ವೀಡಿಯೊಗೆ ನೆಂಟರ ಮಾತು ಹಿಡಿಯಲು ನನ್ನ ಹಳೆಯ ಫೋನಿನಲ್ಲಿ ಒಂದು ಆ್ಯಪ್ ಇತ್ತು. ಸದ್ದನ್ನು ಒಂದೇ ಅಳತೆಯ ಪುಟ್ಟ ಪುಟ್ಟ ತುಂಡುಗಳಾಗಿ ಸಾಲಾಗಿ ಉಳಿಸುತ್ತಾ ಹೋಗುವಂಥದ್ದು. ಅದನ್ನು ಚಾಲೂ ಮಾಡಿ ದೀಪದ ಪಕ್ಕ ಇಟ್ಟು ಬಂದೆ. ಬಾಗಿಲು ಹಾಕಿದೆವು. ಅಪ್ಪ "ಕುರಿ ಕಡೆ ನೋಡ್ಕಂಡು ಬತ್ತೀನಿ" ಎಂದು ಮನೆಯ ಮಗ್ಗುಲಿಗೆ ಸರಿದು ಹೋದರು. ನಾವು ನಾಲ್ವರು ಜಗಲಿಯ ಮೇಲೆ ಕೂತೆವು. ಅಕ್ಕ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಬೆನ್ನಿನಲ್ಲೇ ಕೇಳಿಸಿಕೊಳ್ಳುವವಳ ಹಾಗೆ ತಲೆ ವಾಲಿಸಿದ್ದಳು. ಅಪ್ಪ ವಾಪಸು ಬಂದು ಕಂಬಕ್ಕೊರಗಿ ನಿಂತ ಸ್ವಲ್ಪ ಹೊತ್ತಿಗೆ ತಮ್ಮ "ಸಾಕು, ತೆಗೀರಿ" ಎಂದ. ಅಕ್ಕನೇ ಎದ್ದು ಕೆಮ್ಮಿದಳು. ಕೆಮ್ಮು ಬರದೆ ಮತ್ತೊಮ್ಮೆ ಕೆಮ್ಮಿದಳು. ಬಾಗಿಲು ತೆಗೆದಳು.

ಹೋಳಿಗೆಯ ನಡುವೆ ತೂತಿತ್ತು. ಚಿವುಟಿ ಚಿವುಟಿ ತೆಗೆದ ಹಾಗೆ. ಅಂಚು ಪೂರ್ತಿ, ಬಳೆಯಂತೆ, ಹಾಗೇ ಉಳಿದಿತ್ತು.

ಅಕ್ಕನ ಬಾಯಿಂದ ಬಂದ ಸದ್ದು ಅಳುವೂ ಅಲ್ಲ, ನಗುವೂ ಅಲ್ಲ. ಅಲ್ಲೇ ಕುಸಿದು ಕೂತು ಎಲೆಯ ತುದಿ ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆ ದಿನ ಅವಳು ಉಂಡದ್ದನ್ನು ನೋಡಬೇಕಿತ್ತು. ಎರಡು ಹೋಳಿಗೆ, ಮೇಲೆ ತುಪ್ಪ, ಆಮೇಲೆ ಅನ್ನ ಸಾರು. ತಮ್ಮನ ಹೆಂಡತಿ ಬಡಿಸುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವ್ವ ಬಿಟ್ಟ ಆ ಅಂಚನ್ನು ಅಕ್ಕ ಯಾರಿಗೂ ಕೊಡದೆ ತಾನೇ ತಿಂದಳು.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಹೊಟ್ಟೆ ಉರಿಯಿತು. ಇದನ್ನು ಮುಚ್ಚಿಟ್ಟು ಏನಾಗಬೇಕು. ಮೈ ಒರೆಸಿದವಳು ನಾನು, ಗಂಜಿ ಕುಡಿಸಿದವಳು ನಾನು, ಅವ್ವ ಎದ್ದು ಬಂದದ್ದು ಅವಳ ಹೋಳಿಗೆಗೆ! ದೆವ್ವ ಭೂತ ನಂಬದವಳಿಗೆ ಈ ಹೊಟ್ಟೆಕಿಚ್ಚು ಎಲ್ಲಿಂದ ಬಂತೆಂದು ನನಗೇ ನಾಚಿಕೆಯಾಯಿತು, ಆದರೂ ಉರಿ ಆರಲಿಲ್ಲ. ಹೊರಡುವಾಗ ಅಕ್ಕ, "ಫೋನಿಂದು ಕೇಳಿ ನಂಗೆ ಕಳ್ಸೇ" ಎಂದಳು. ಹೂಂ ಎಂದೆ.

ಮರುದಿನ ಸ್ಟುಡಿಯೋದಲ್ಲಿ ಆ ತುಂಡುಗಳನ್ನು ಕಂಪ್ಯೂಟರಿಗೆ ಇಳಿಸಿದೆ. ಚಟವಲ್ಲವೇ, ಕೇಳುವ ಮುಂಚೆ ಬೆರಳಚ್ಚು ಒತ್ತಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ತಂತ್ರಾಂಶ ಪರದೆಯ ಮೇಲೆ ಕೇಳಿತು: ಇವುಗಳಲ್ಲಿ ಬಹುಪಾಲು ಒಂದೇ ಕಡತ, ಒಂದನ್ನು ಉಳಿಸಿ ಮಿಕ್ಕವನ್ನು ಅಳಿಸಲೇ?

ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಸಾಲಿನ ಮೇಲೆ ಸಾಲು, ಅವೇ ಅಕ್ಷರ, ಅವೇ ಅಂಕಿ. ಇದು ಆಗುವ ಮಾತಲ್ಲ. ಖಾಲಿ ಕೋಣೆಯ ಮೌನವನ್ನು ಎರಡು ಸಲ ಹಿಡಿದರೆ ಎರಡು ಸಲವೂ ಬೇರೆಯಾಗಿರುತ್ತದೆ. ದೂರದ ಬಸ್ಸು, ಹೆಂಚಿನ ಮೇಲಿನ ಗಾಳಿ, ಏನೂ ಇಲ್ಲದಿದ್ದರೆ ಮೈಕಿನದೇ ಸಣ್ಣ ಗುಂಯ್. ಒಂದು ಕಣ ಬದಲಾದರೂ ಬೆರಳಚ್ಚು ಬದಲಾಗುತ್ತದೆ. ಒಂದು ಮೌನ ಇನ್ನೊಂದು ಮೌನಕ್ಕೆ ಕಣ ಕಣವೂ ಸಮ ಎಂದರೆ ಅದು ಮೌನವೇ ಅಲ್ಲ.

ಒಳಗೆ ತೆಗೆದು ನೋಡಿದೆ. ಸೊನ್ನೆ. ಬರೀ ಸೊನ್ನೆ. ಆಗ ಹೊಳೆಯಿತು. ಆ ಫೋನಿಗೊಂದು ಕೆಟ್ಟ ಬುದ್ಧಿ: ಪರದೆ ಆರಿದ ಮೇಲೆ ಆ್ಯಪುಗಳಿಗೆ ಮೈಕು ಕೊಡುವುದಿಲ್ಲ, ಬಾಗಿಲು ಮುಚ್ಚಿಬಿಡುತ್ತದೆ. ಆ್ಯಪಿಗೆ ಅದು ತಿಳಿಯುವುದಿಲ್ಲ, ಪಾಪ, ಸೊನ್ನೆಗಳನ್ನೇ ಸದ್ದು ಎಂದು ಬರೆಯುತ್ತಾ ಕೂರುತ್ತದೆ. ನಾವು ಬಾಗಿಲು ಹಾಕಿಕೊಂಡ ಸ್ವಲ್ಪ ಹೊತ್ತಿಗೆ ಫೋನು ಕಿವುಡಾಗಿತ್ತು. ಮೊದಲನೆಯ ತುಂಡಿನಲ್ಲಿ ನಮ್ಮ ಹೆಜ್ಜೆಗಳಿದ್ದವು, ಕೊನೆಯದರಲ್ಲಿ ಅಕ್ಕ ಅದನ್ನು ಎತ್ತಿಕೊಂಡ ಸದ್ದಿತ್ತು. ಅವೆರಡರ ಬೆರಳಚ್ಚು ಬೇರೆ, ಅದು ಸರಿಯೇ.

ಆದರೆ ನಡುವೆಯೂ ಒಂದು ತುಂಡಿನ ಬೆರಳಚ್ಚು ಬೇರೆಯಾಗಿತ್ತು.

ಬಾಗಿಲು ಹಾಕಿತ್ತು. ನಾವು ಜಗಲಿಯಲ್ಲಿದ್ದೆವು. ಫೋನು ತಾನಾಗಿ ಕಣ್ಣು ಬಿಡುವುದಿಲ್ಲ, ಯಾರಾದರೂ ಮುಟ್ಟಬೇಕು. ಹಗಲು ಹನ್ನೊಂದು ಗಂಟೆ, ಹೊರಗೆ ಕಡೂರಿನ ಅಷ್ಟೂ ಗಲಾಟೆ. ಹೆಡ್‌ಫೋನು ಹಾಕಿಕೊಂಡೆ.

ಮೊದಲು ಏನೂ ಇಲ್ಲ. ಇದ್ದಕ್ಕಿದ್ದಂತೆ ಕೋಣೆ ತೆರೆದುಕೊಂಡಿತು. ಗಾಳಿ. ದೀಪದ ಬತ್ತಿ ಚಿಟಪಟ ಎಂದದ್ದು. ಹತ್ತಿರದಲ್ಲೇ ಉಸಿರು. ಬಟ್ಟೆ ಸರಿದ ಸದ್ದು, ಯಾರೋ ನೆಲಕ್ಕೆ ಕೈ ಊರಿ ಕೂತ ಹಾಗೆ. ಆಮೇಲೆ, "ಏನೇ..." ಎಂಬ ಒಂದೇ ಮಾತು.

ಅಪ್ಪನ ದನಿ.

ಆಮೇಲೆ ಬಹಳ ಹೊತ್ತು ಬರೀ ಉಸಿರು. ತುಂಡು ಮುಗಿಯುವ ಮುಂಚೆ ಅಪ್ಪ ಮೆತ್ತಗೆ "ಹೂಂ" ಎಂದರು. ಒಬ್ಬರು ಏನೋ ಕೇಳಿದ್ದಕ್ಕೆ ಇನ್ನೊಬ್ಬರು ಹೂಂಗುಟ್ಟುತ್ತಾರಲ್ಲ, ಹಾಗೆ. ಮತ್ತೆ ಸೊನ್ನೆ.

ನಿಟ್ಟುಸಿರು ಬಿಟ್ಟೆ, ನಗು ಕೂಡ ಬಂತು. ಕುರಿ ಕಡೆ ಹೋಗುತ್ತೇನೆಂದ ಮುದುಕ ಹಿತ್ತಿಲ ಬಾಗಿಲಿನಿಂದ ಬಂದು ಹೋಳಿಗೆ ಚಿವುಟಿದ್ದಾನೆ! ಅವ್ವ ನಡುವಿನಿಂದ ತಿನ್ನುವುದು ಅವರಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು. ದೆವ್ವದ ಕತೆ ಮುಗಿಯಿತು ಎಂದುಕೊಂಡೆ. ಅದರ ಹಿಂದೆಯೇ ಕೆಟ್ಟ ಆಸೆಯೊಂದು ತಲೆಯೆತ್ತಿತು: ಇದನ್ನು ಅಕ್ಕನಿಗೆ ಕಳಿಸಿಬಿಡಲೇ? ಅವ್ವ ನಿನ್ನ ಹೋಳಿಗೆಗೂ ಬರಲಿಲ್ಲ ಕಣೇ, ನನ್ನ ಗಂಜಿಗೂ ಬರಲಿಲ್ಲ, ಯಾರಿಗೂ ಬರುವುದಿಲ್ಲ, ಕೇಳಿಸಿಕೋ. ಬೆರಳು ಅವಳ ಹೆಸರಿನ ಮೇಲೇ ಇತ್ತು. ಕಳಿಸಿದರೆ ಅವಳು ಮತ್ತೆ ತಟ್ಟೆಯ ಮುಂದೆ ಅನ್ನ ಕಲಸುತ್ತಾ ಕೂರುತ್ತಾಳೆ, ಈ ಸಲ ಏಳುವುದೂ ಇಲ್ಲವೇನೋ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಬೆರಳನ್ನು ಅಲ್ಲಿಂದ ಎತ್ತಲು ಕಷ್ಟವಾಯಿತು. ಮೊದಲು ಅಪ್ಪನನ್ನು ಹಿಡಿಯಬೇಕು ಎಂದುಕೊಂಡು ಯಗಟಿ ಬಸ್ಸು ಹತ್ತಿದೆ.

ಅಪ್ಪ ತೋಟದಲ್ಲಿ ಕಾಯಿ ಸುಲಿಯುತ್ತಿದ್ದರು. ನಾನು ಪೀಠಿಕೆ ಹಾಕಲಿಲ್ಲ.

"ಅಪ್ಪಾ, ನಿನ್ನೆ ಎಡೆ ಕ್ವಾಣೆಗೆ ಹೋಗಿದ್ಯಾ?"

ಅಪ್ಪ ತಲೆ ಎತ್ತದೆ, "ಹೋಗಿದ್ದೆ ಕಣವ್ವಾ" ಎಂದರು. "ಹಿತ್ಲು ಬಾಗ್ಲಲ್ಲಿ. ನಿಮ್ಮಕ್ಕನ ಮಖ ನೋಡಕಾಗ್ತಿರ್ಲಿಲ್ಲ. ಈ ವರ್ಷ ನಾನೇ ಒಂದ್ ತುತ್ತು ಮುರ್ದಿಟ್ಬಿಡಣ, ಮಗ್ಳು ಉಣ್ಲಿ ಅಂತ ಹೋದೆ."

"ನಂಗೊತ್ತಾಯ್ತು ಬಿಡು. ಫೋನಲ್ಲಿ ಸಿಕ್ಕಾಕ್ಕಂಡೆ ನೀನು."

"ಅದಾ? ದೀಪದ ಮಗ್ಲಲ್ಲೇ ಇಟ್ಟಿದ್ಯಲ್ಲ. ಎಣ್ಣೆ ಚೆಲ್ಲಿ ಹಾಳಾಗ್ತದೆ ಅಂತ ಎತ್ತಿ ಆಚೆಗಿಟ್ಟೆ." ಅಪ್ಪ ಸುಲಿದ ಕಾಯಿಯನ್ನು ರಾಶಿಗೆ ಎಸೆದರು. "ಆದ್ರೆ ನಾನು ಮುರೀಲಿಲ್ಲ."

"ಏನು?"

"ಹೋಳ್ಗೆ. ನಾನ್ ಹೋದಾಗ್ಲೇ ನಡುವಿಂದ ಚಿವುಟಿತ್ತು."

ಗಾಳಿ ಇರಲಿಲ್ಲ, ಗರಿಗಳೂ ಅಲುಗುತ್ತಿರಲಿಲ್ಲ. "ಇಲಿ ಇರ್ಬೇಕು" ಎಂದೆ.

"ಇಲಿ ಆದ್ರೆ ಅಂಚು ಕಡೀತದೆ. ಎಲೆ ಎಲ್ಲ ಕೆದರ್ತದೆ. ನೀನೂ ನೋಡಿದ್ಯಲ್ಲ."

ನೋಡಿದ್ದೆ. ಎಲೆಯ ಮೇಲೆ ಒಂದು ಕಣ ಹೂರಣವೂ ಚೆಲ್ಲಿರಲಿಲ್ಲ.

"ಮತ್ತೆ ಅಷ್ಟೊತ್ತು ಅಲ್ಲಿ ಕೂತು ಏನ್ ಮಾಡ್ತಿದ್ದೆ?"

ಅಪ್ಪ ನನ್ನನ್ನು ಮೊದಲ ಸಲ ನೋಡಿದರು, ಇದೆಂಥ ಪ್ರಶ್ನೆ ಎನ್ನುವ ಹಾಗೆ. "ಉಣ್ತಾ ಕೂತೋರ್ನ ಬಿಟ್ಟು ಎದ್ದೋದ್ರೆ ಬೇಜಾರ್ ಮಾಡ್ಕಳಲ್ವೇನವ್ವಾ ನಿಮ್ಮವ್ವ."

"ಹೂಂ ಅಂದ್ಯಲ್ಲ. ಯಾರಿಗಂದೆ?"

"ಕೇಳಿದ್ದಕ್ಕೆ ಅಂದೆ."

ಏನು ಕೇಳಿದಳು ಎಂದು ಮತ್ತೆ ಕೇಳಲು ನನಗೆ ಬಾಯಿ ಬರಲಿಲ್ಲ. ಅಪ್ಪ ಇನ್ನೊಂದು ಕಾಯಿ ತೆಗೆದುಕೊಂಡರು. ಅವರು ಸುಳ್ಳು ಹೇಳುವವರಲ್ಲ. ಹೇಳುವುದಿದ್ದರೆ ನಾನೇ ಮುರಿದೆ ಎಂದು ಒಪ್ಪಿಕೊಂಡು ನನ್ನ ಬಾಯಿ ಮುಚ್ಚಿಸುವುದು ಸುಲಭವಿತ್ತು.

ಬಸ್ಸಿನಲ್ಲಿ ವಾಪಸು ಬರುವಾಗ ಲೆಕ್ಕ ಹಾಕಿದೆ. ಅಪ್ಪ ಹೋಗುವ ಮುಂಚಿನ ತುಂಡುಗಳೆಲ್ಲ ಸೊನ್ನೆ. ಆ ಹೊತ್ತಿನಲ್ಲಿ ಕೋಣೆಯಲ್ಲಿ ಏನಾಯಿತೆಂದು ಹೇಳಬಲ್ಲ ಸಾಕ್ಷಿ ಈ ಭೂಮಿಯ ಮೇಲೆ ಒಂದೂ ಇಲ್ಲ. ಏನೂ ಆಗಲಿಲ್ಲ ಎನ್ನಲೂ ಇಲ್ಲ. ಫೋನು ಕಿವುಡಾಗಿತ್ತು ಎಂಬುದನ್ನಷ್ಟೇ ನಾನು ಸಾಧಿಸಬಲ್ಲೆ. ಇಷ್ಟು ದಿನ ಆ ಬೆರಳಚ್ಚನ್ನು ಮುಂದಿಟ್ಟುಕೊಂಡು ಎಷ್ಟು ಧೈರ್ಯವಾಗಿ ಮಾತಾಡಿದ್ದೆ.

ಅಪ್ಪನ ದನಿಯಿರುವ ತುಂಡನ್ನು ಅಕ್ಕನಿಗೆ ಕಳಿಸಲಿಲ್ಲ. ಅಪ್ಪ ಏಕೆ ಹೋಗಿದ್ದರು ಎಂಬುದು ತಿಳಿದರೆ ಸಾಕು, ಉಳಿದದ್ದನ್ನು ಅವಳು ನಂಬುತ್ತಿರಲಿಲ್ಲ. ಅವಳಾದರೋ ದಿನಾ "ಕಳ್ಸೇ, ಕಳ್ಸೇ" ಎನ್ನುತ್ತಿದ್ದಳು. ಕೊನೆಗೆ ಅಪ್ಪ ಕೋಣೆಗೆ ಕಾಲಿಡುವುದಕ್ಕೆ ಮುಂಚಿನ ತುಂಡನ್ನು ಆರಿಸಿದೆ. ಬರೀ ಸೊನ್ನೆ. ಒಂದು ಕಣವೂ ಕೆಡದ ಹಾಗೆ ಕಳಿಸಿ, "ಏನೂ ಕೇಳುಸ್ತಿಲ್ಲ ಕಣೇ, ಫೋನು ಸರಿ ಇರ್ಲಿಲ್ಲ" ಎಂದು ಬರೆದೆ. ಅವಳಿಂದ ಉತ್ತರ ಬರಲಿಲ್ಲ.

ಕೆಲವು ದಿನ ಕಳೆದು ಅಕ್ಕ ತಾನೇ ಕಡೂರಿಗೆ ಬಂದಳು. ಕೆನ್ನೆ ತುಂಬಿಕೊಂಡಿತ್ತು, ರವಿಕೆ ಭುಜದ ಮೇಲೆ ನಿಂತಿತ್ತು. ನನಗೆಂದು ಡಬ್ಬಿಯಲ್ಲಿ ಹೋಳಿಗೆ ತಂದಿದ್ದಳು. ಸ್ಟೂಲಿನ ಮೇಲೆ ಕೂತು ಫೋನು ತೆಗೆದು ಕಿವಿಗಿಟ್ಟುಕೊಂಡಳು.

"ನೀನು ಕಳ್ಸಿದ್ದು ದಿನಾ ಕೇಳ್ತೀನಿ ಕಣೇ."

"ಅದ್ರಲ್ಲಿ ಏನೂ ಇಲ್ಲ ಅಂದ್ನಲ್ಲ."

"ಐತೆ. ಸಣ್ಣಗೈತೆ. ಆದ್ರೆ ಒಂದು ಅರ್ಥ ಆಗ್ತಿಲ್ಲ." ಅಕ್ಕ ಹುಬ್ಬು ಗಂಟಿಕ್ಕಿದಳು. "ಅವ್ವನ್ ಬಳೆ ಕಿಣಿಕಿಣಿ ಅನ್ತಿದ್ವು ಅಲ್ವೇನೇ? ಇದ್ಯಾಕೆ ಟಕ್ ಟಕ್ ಅಂತದೆ?"

ಅವಳ ಕೈಯಿಂದ ಫೋನು ತೆಗೆದುಕೊಂಡು ಕಂಪ್ಯೂಟರಿಗೆ ಸಿಕ್ಕಿಸಿದೆ. ಅವಳಲ್ಲಿದ್ದ ಕಡತದ ಬೆರಳಚ್ಚು ಒತ್ತಿಸಿ ನನ್ನದರ ಪಕ್ಕ ಇಟ್ಟೆ. ಅಕ್ಷರಕ್ಕೆ ಅಕ್ಷರ, ಅಂಕಿಗೆ ಅಂಕಿ, ಅದೇ. ಸೊನ್ನೆಗಳ ಬೆರಳಚ್ಚು. ತಂತ್ರಾಂಶ ಎಂದಿನಂತೆ ಕೇಳಿತು: ಎರಡೂ ಒಂದೇ, ಒಂದನ್ನು ಅಳಿಸಲೇ? ಬೇಡ ಎಂದೆ.

ಹೆಡ್‌ಫೋನು ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೂ ಕೇಳಿದೆ. ಮತ್ತೊಮ್ಮೆ ಕೇಳಿದೆ. ನನಗೇನೂ ಕೇಳಿಸಲಿಲ್ಲ. ಅವ್ವನನ್ನು ಮಣ್ಣಿಗಿಟ್ಟ ದಿನವೂ ಅಳದವಳು ಅವತ್ತು ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಅಕ್ಕ ಗಾಬರಿಯಾಗಿ ಬೆನ್ನು ಸವರುತ್ತಾ, "ಯಾಕೇ, ನಿಂಗೂ ಕೇಳುಸ್ತಾ?" ಎಂದು ಕೇಳುತ್ತಿದ್ದಳು.

ಆಮೇಲೆ ಎದ್ದು ಡ್ರಾಯರ್ ಎಳೆದು, ಆ ಬಿರುಕು ಬಳೆಯನ್ನು ತೆಗೆದು ಅವಳ ಕೈಗಿಟ್ಟೆ. ಅವಳು ಅದನ್ನು ಹಿಂದೆಂದೂ ಕಂಡಿರಲಿಲ್ಲ. ತಿರುಗಿಸಿ ನೋಡಿದಳು, ಮೇಜಿನ ಅಂಚಿಗೆ ಮೆಲ್ಲಗೆ ತಾಕಿಸಿದಳು. ಟಕ್.

"ಇದೇ ಕಣೇ" ಎಂದಳು ಅಕ್ಕ.

ಅವಳು ತಂದಿದ್ದ ಹೋಳಿಗೆಯನ್ನು ಇಬ್ಬರೂ ಹಂಚಿಕೊಂಡು ತಿಂದೆವು. ಸಂಜೆಯ ಬಸ್ಸಿಗೆ ಅವಳನ್ನು ಹತ್ತಿಸಿ ಬಂದು, ಶಟರ್ ಎಳೆದು ಮನೆಗೆ ಹೋದೆ. ಬಳೆಯನ್ನು ಅವಳು ತೆಗೆದುಕೊಂಡು ಹೋಗಲಿಲ್ಲ, ನಿನ್ನ ಹತ್ತಿರವೇ ಇರಲಿ ಎಂದಳು. ಅದು ಈಗಲೂ ಆ ಡ್ರಾಯರಿನಲ್ಲೇ ಇದೆ. ನಾನು ಬೆಳಿಗ್ಗೆ ಬಂದು ಬೀಗ ತೆಗೆದು, ಶಟರ್ ಎತ್ತುವ ಮುಂಚೆ ಒಮ್ಮೆ ಕೆಮ್ಮುತ್ತೇನೆ.